ಅತ್ತೆಯ ಕಂಪ್ಯೂಟರಿಗೆ ವರ್ಷವೆಲ್ಲಾ ಮೆಮೊರಿ ಕಮ್ಮಿ

ಕಂಪ್ಯೂಟರನ್ನು ಬೈದು ದಾರಿಗೆ ತರಬಹುದು ಎಂದು ನಂಬಿದವರು ಇಡೀ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಅತ್ತೆ ಒಬ್ಬರೇ! ಅತ್ತೆ ಎಂದ ಕೂಡಲೇ ಹೆಂಡತಿಯ ತಾಯಿ ಎಂದುಕೊಳ್ಳಬೇಡಿ. ಅವರ ಬಗ್ಗೆ ಹೀಗೆ ಬರೆದು ಮನೆಗೆ ಹೋಗುವ ಧೈರ್ಯ ನನಗಿಲ್ಲ. ಇವರು ನಮ್ಮಪ್ಪನ ಅಕ್ಕ. ವಯಸ್ಸು ಎಪ್ಪತ್ತೆರಡು, ಎತ್ತರ ನಾಲ್ಕೂವರೆ ಅಡಿ, ಗಂಟಲು ಮಾತ್ರ ಏಳಡಿ. ಅದು ಅವರ ತಪ್ಪಲ್ಲ ಬಿಡಿ. ಅವರ ಮನೆಯ ಎಡಕ್ಕೂ ಬಲಕ್ಕೂ ವಿದ್ಯುತ್ ಮಗ್ಗಗಳು. ಬೆಳಗ್ಗೆ ಟಕಟಕ ಎಂದು ಶುರುವಾದರೆ ಸಂಜೆಯವರೆಗೂ ನಿಲ್ಲುವುದಿಲ್ಲ. ಐವತ್ತು ವರ್ಷ ಆ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದವರು ಫೋನಿನಲ್ಲಿ ಮಾತಾಡಿದರೆ ಹೇಗಿರಬೇಡ! ನಾನು ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಸರಕು ಕಳಿಸುವ ವಿಭಾಗದವನು. ಅತ್ತೆಯ ಕರೆ ಬಂದರೆ ಲಾರಿಗೆ ಪೆಟ್ಟಿಗೆ ಏರಿಸುವವರೆಲ್ಲ ಕೆಲಸ ನಿಲ್ಲಿಸಿ "ಸಾರ್, ನಿಮ್ಮತ್ತೆ" ಎನ್ನುತ್ತಿದ್ದರು. ಫೋನನ್ನು ನಾನಿನ್ನೂ ಜೇಬಿನಿಂದ ತೆಗೆದೇ ಇರುತ್ತಿರಲಿಲ್ಲ!

ಅಂಥವರಿಗೂ ಕಂಪ್ಯೂಟರಿಗೂ ಎತ್ತಣ ಸಂಬಂಧ ಎಂದು ನೀವು ಕೇಳಬಹುದು. ಮಾವ ಬದುಕಿದ್ದಾಗ ಮಗ್ಗದವರಿಗೆ ಸೀರೆಯ ನಕ್ಷೆ ಬರೆದುಕೊಡುತ್ತಿದ್ದರು. ಚೌಕಳಿ ಕಾಗದದ ಮೇಲೆ ಒಂದೊಂದೇ ಚೌಕಕ್ಕೆ ಕೆಂಪು ಪೆನ್ಸಿಲಿನಿಂದ ಬಣ್ಣ ತುಂಬುವ ಕೆಲಸ. ಕೆಂಪು ಇದ್ದ ಕಡೆ ಜರಿಯ ಎಳೆ ಮೇಲೆ ಬರುತ್ತದೆ, ಖಾಲಿ ಬಿಟ್ಟ ಕಡೆ ಅಡಗುತ್ತದೆ. ಹೀಗೆ ಸಾವಿರಾರು ಚೌಕ ತುಂಬಿದರೆ ಒಂದು ನವಿಲು ಎದ್ದು ನಿಲ್ಲುತ್ತದೆ. ಅತ್ತೆ ಒಲೆಯ ಮೇಲೆ ಸಾರು ಕುದಿಯುವಷ್ಟು ಹೊತ್ತು ಪಕ್ಕದಲ್ಲಿ ಕೂತು ಚೌಕ ತುಂಬುತ್ತಾ ತುಂಬುತ್ತಾ ಕೆಲಸ ಕಲಿತುಬಿಟ್ಟರು. ಮಾವ ತೀರಿಕೊಂಡ ಮೇಲೆ ಮಗ್ಗದವರು ಅವರ ಹತ್ತಿರವೇ ಬರತೊಡಗಿದರು. ಮುಂದೆ ಹೊಸಕೋಟೆಯಲ್ಲಿರುವ ಅವರ ಮಗಳ ಗಂಡ ಹೊಸ ಕಂಪ್ಯೂಟರ್ ಕೊಂಡಾಗ ಹಳೆಯದನ್ನು ತಂದು ಇಲ್ಲಿಟ್ಟ. ಬೇಸಿಗೆ ರಜೆಗೆ ಬಂದ ಮೊಮ್ಮಗಳು, ಆಗ ಇನ್ನೂ ಶಾಲೆಯ ಹುಡುಗಿ, ಅಜ್ಜಿಯ ಕೈ ಹಿಡಿದು ಮೌಸ್ ಆಡಿಸುವುದನ್ನು ಹೇಳಿಕೊಟ್ಟಳು. ಅಷ್ಟೇ ಸಾಕಾಯಿತು. ಕೆಂಪು ಪೆನ್ಸಿಲು ಪೆಟ್ಟಿಗೆ ಸೇರಿತು.

ಆದರೆ ಅತ್ತೆ ಕಲಿತದ್ದು ಚೌಕ ತುಂಬುವುದನ್ನು ಮಾತ್ರ. ಉಳಿದ ಕಂಪ್ಯೂಟರ್ ವಿದ್ಯೆಯನ್ನು ಅವರೇ ಕಂಡುಹಿಡಿದುಕೊಂಡರು! ಅವರ ಮೊದಲನೇ ಸಂಶೋಧನೆ ಬೈಗುಳ. ಯಂತ್ರ ನಿಧಾನವಾದರೆ ಪರದೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಲ್ಲುವರು. "ಏನಾಗೈತೆ ನಿಂಗೆ? ಒಂದು ಗೆರೆ ಎಳೆಯೋಕೆ ಇಷ್ಟು ಹೊತ್ತಾ? ಪಕ್ಕದ ಮಗ್ಗ ನೋಡು, ನಿನಗಿಂತ ಹತ್ತು ವರ್ಷ ದೊಡ್ಡದು, ಒಂದು ದಿನ ಸುಸ್ತು ಅಂದಿಲ್ಲ!" ಹೀಗೆ ಐದು ನಿಮಿಷ ನಡೆಯುತ್ತಿತ್ತು. ಆ ಐದು ನಿಮಿಷದಲ್ಲಿ ಯಂತ್ರ ಸುಧಾರಿಸಿಕೊಂಡು ಮತ್ತೆ ಓಡುತ್ತಿತ್ತು. ಅತ್ತೆ ನನ್ನ ಕಡೆ ತಿರುಗಿ ನೋಡುವರು. ಗೆದ್ದವರ ಮುಖ ಅದು!

ಎರಡನೆಯದು, ಕಿಟಕಿಗಳು. ಪರದೆಯ ಮೇಲೆ ಒಮ್ಮೆ ತೆರೆದ ಕಿಟಕಿಯನ್ನು ಅವರು ಮುಚ್ಚುತ್ತಲೇ ಇರಲಿಲ್ಲ. ಹಳೆಯ ಅಂಚು, ಹೊಸ ಬುಟ್ಟಾ, ಯಾರೋ ಕಳಿಸಿದ ಹೂವಿನ ಚಿತ್ರ, ಕ್ಯಾಲ್ಕುಲೇಟರು, ಮತ್ತೊಂದು ಕ್ಯಾಲ್ಕುಲೇಟರು! ಎಲ್ಲವೂ ಒಂದರ ಮೇಲೊಂದು.

"ಅತ್ತೆ, ಬೇಡದ್ದನ್ನ ಮುಚ್ಚಬಾರದಾ?"

"ಬೇಡ ಅಂತ ನೀನು ಹೆಂಗೆ ಹೇಳ್ತೀಯಾ? ಕೆಲಸಕ್ಕೆ ಅಂತ ಕರ್ದು, ಮುಗೀತು ಹೋಗು ಅಂತ ಮುಖದ ಮೇಲೆ ಬಾಗ್ಲು ಹಾಕೋದು ಯಾವ ಮರ್ಯಾದೆ ಕಣೋ?"

ಆಯುಧ ಪೂಜೆಯ ದಿನ ಲಾರಿ, ಬೈಕುಗಳ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರಲ್ಲ, ಅತ್ತೆ ಮೌಸಿನ ಕೆಳಗೆ ಇಟ್ಟರು. ಇಟ್ಟರು ಅಷ್ಟೇ ಅಲ್ಲ, ಶಾಸ್ತ್ರೋಕ್ತವಾಗಿ ಒತ್ತಿಯೂ ಒತ್ತಿದರು! ಹೊಸ ಮೌಸ್ ತಂದುಕೊಟ್ಟವನು ನಾನೇ.

ಇಂಥ ಕಥೆಗಳನ್ನು ನಾನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹೇಳಿ ಎಷ್ಟು ಸಲ ನಗಿಸಿದ್ದೇನೋ ಲೆಕ್ಕವಿಲ್ಲ. ಅತ್ತೆಯ ಕಥೆ ಹೇಳುವುದಕ್ಕೆ ನನಗೆ ಯಾವಾಗಲೂ ಪುರುಸೊತ್ತು ಇರುತ್ತಿತ್ತು. ಅತ್ತೆಯ ಮನೆಗೆ ಹೋಗುವುದಕ್ಕೆ ಮಾತ್ರ ಇರುತ್ತಿರಲಿಲ್ಲ.

ಜನವರಿಯ ಒಂದು ಮಧ್ಯಾಹ್ನ ಲಾರಿಯವರು "ಸಾರ್, ನಿಮ್ಮತ್ತೆ" ಎಂದರು. ಫೋನು ಎತ್ತಿದೆ.

"ಲೇ, ಇದಕ್ಕೆ ವರ್ಷವೆಲ್ಲಾ ಮೆಮೊರಿ ಕಮ್ಮಿಯಂತೆ ಕಣೋ!"

"ಏನಂತೆ?"

"ಹಳದಿ ತ್ರಿಕೋನ ಹಾಕ್ಕೊಂಡು ಮೂಲೆಯಿಂದ ಬಂದು ಹೇಳ್ತೈತೆ. ಒಂದು ದಿನ ಎರಡು ದಿನ ಕಮ್ಮಿ ಅಂದ್ರೆ ಸಹಿಸ್ಕೋಬಹುದು. ವರ್ಷವೆಲ್ಲಾ ಕಮ್ಮಿ ಅಂದ್ರೆ ಹೆಂಗೆ?"

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ವರ್ಚುವಲ್ ಮೆಮೊರಿ! ಅದನ್ನು ಅತ್ತೆ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ವರ್ಷವೆಲ್ಲಾ ಆಗಿಹೋಗಿತ್ತು. ನಾನು ನಗುವನ್ನು ತಡೆದುಕೊಂಡು ವಿವರಿಸಿದೆ. "ಅತ್ತೆ, ನಿಮ್ಮ ಅಡುಗೆಮನೆ ಕಟ್ಟೆ ಇದೆಯಲ್ಲ, ಕಂಪ್ಯೂಟರಿಗೂ ಹಂಗೇ ಒಂದು ಕಟ್ಟೆ ಇರುತ್ತೆ. ಕೆಲಸ ಎಲ್ಲಾ ಅದರ ಮೇಲೇನೇ. ಪಾತ್ರೆ ಜಾಸ್ತಿಯಾಗಿ ಕಟ್ಟೆ ತುಂಬಿಹೋದ್ರೆ ಏನು ಮಾಡ್ತೀರಾ?"

"ತೊಳೆದು ಇಡ್ತೀನಿ."

"ಅಲ್ಲ ಅತ್ತೆ, ಸದ್ಯಕ್ಕೆ ಬೇಡದ್ದನ್ನ ಅಟ್ಟಕ್ಕೆ ಹಾಕ್ತೀರಾ ಅಲ್ವಾ? ಕಂಪ್ಯೂಟರೂ ಹಂಗೇ ಮಾಡುತ್ತೆ. ಕಟ್ಟೆ ಸಾಲದೆ ಹೋದಾಗ ಹಾರ್ಡ್‌ಡಿಸ್ಕ್ ಅಂತ ಒಂದು ಅಟ್ಟದಲ್ಲಿ ಸ್ವಲ್ಪ ಜಾಗ ಹಿಡ್ಕೊಂಡು ಅಲ್ಲಿಡುತ್ತೆ, ಬೇಕಾದಾಗ ಇಳಿಸ್ಕೊಳ್ಳುತ್ತೆ. ಆ ಜಾಗಕ್ಕೇ ವರ್ಚುವಲ್ ಮೆಮೊರಿ ಅನ್ನೋದು. ನಿಮ್ಮದ್ರಲ್ಲಿ ಅಟ್ಟಾನೂ ತುಂಬಿಹೋಗಿದೆ. ಕಿಟಕಿ ಮುಚ್ಚಿ, ಹಳೇ ಫೈಲು ಅಳಿಸಿ, ಸರಿಹೋಗುತ್ತೆ."

"ಓ, ಇಷ್ಟೇನಾ! ನಾನು ಮಾಡ್ಕೋತೀನಿ ಬಿಡು."

ಮೂರು ದಿನ ಬಿಟ್ಟು ಮತ್ತೆ ಕರೆ. "ಎಲ್ಲಾ ಅಟ್ಟಕ್ಕೆ ಹಾಕಿದ್ದೀನಿ ಕಣೋ, ಆದ್ರೂ ಜಾಗ ಇಲ್ಲ ಅಂತೈತೆ! ಇದು ಸುಳ್ಳು ಹೇಳೋದು ಯಾವಾಗ ಕಲೀತು?" ಪರದೆಯ ಫೋಟೋ ಕಳಿಸಲು ಹೇಳಿದೆ. ನೋಡಿದರೆ ಅತ್ತೆ 'ಅಟ್ಟ' ಎಂದು ಹೆಸರಿಟ್ಟು ಒಂದು ಹೊಸ ಫೋಲ್ಡರ್ ಮಾಡಿ, ಇದ್ದಬದ್ದ ಫೈಲನ್ನೆಲ್ಲ ಅದರೊಳಗೆ ತುಂಬಿದ್ದರು. ಅದೇ ಡಿಸ್ಕಿನೊಳಗೆ! ಪಕ್ಕದಲ್ಲಿ 'ಅಟ್ಟದ ಮೇಲಿನ ಅಟ್ಟ' ಎಂದು ಇನ್ನೊಂದು. ಅದೂ ತುಂಬಿತ್ತು. ಆ ಫೋಟೋವನ್ನು ನಾನು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬರಿದ್ದರು. ನಾನು ಬರುವ ಲಕ್ಷಣ ಕಾಣದೆ ಅತ್ತೆ ಅವರನ್ನೇ ಮನೆಗೆ ಕರೆಸಿದರು. ಅವರು ಪೆಟ್ಟಿಗೆಯ ಮುಚ್ಚಳ ಬಿಚ್ಚಿ ನೋಡಿ, "ಅಮ್ಮಾ, ಇದಕ್ಕೆ ಹಾಕೋ ರ‍್ಯಾಮ್ ತಯಾರು ಮಾಡೋದು ನಿಲ್ಲಿಸಿ ಎಷ್ಟೋ ವರ್ಷ ಆಯ್ತು. ಎಸೆದು ಹೊಸದು ತಗೊಳ್ಳಿ" ಎಂದರಂತೆ.

"ನನ್ನಂಥೋರನ್ನ ತಯಾರು ಮಾಡೋದೂ ನಿಲ್ಲಿಸಿದ್ದಾರೆ ಕಣಪ್ಪಾ. ನನ್ನೂ ಎಸೀತೀಯಾ?"

ಆತ ಕಾಫಿ ಕುಡಿದು, ಮುಚ್ಚಳ ಮುಚ್ಚಿ, ಕಾಲಿಗೆ ನಮಸ್ಕಾರ ಮಾಡಿ ಹೋದರಂತೆ!

ಇಲ್ಲಿಯವರೆಗೆ ನಗುವ ಮಾತಾಯಿತು. ಮುಂದಿನದನ್ನೂ ನಗುನಗುತ್ತಲೇ ಹೇಳಬೇಕೆಂದು ಕೂತಿದ್ದೇನೆ, ಎಷ್ಟು ದೂರ ಬರುತ್ತದೋ ನೋಡೋಣ.

ನಮ್ಮಜ್ಜಿಯದೊಂದು ಧಾರೆ ಸೀರೆ ಇತ್ತು. ಕೆನೆಬಣ್ಣದ ಮೈ, ಕೆಂಪು ಅಂಚು, ಸೆರಗಿನ ತುಂಬ ಜರಿಯ ಗಿಳಿಗಳು. ಅಜ್ಜಿ ಉಟ್ಟದ್ದನ್ನು ಅತ್ತೆ ಉಟ್ಟರು, ನಮ್ಮಮ್ಮ ಉಟ್ಟಳು, ಅತ್ತೆಯ ಮಗಳು ಉಟ್ಟಳು. ನನ್ನ ತಂಗಿ ಉಟ್ಟಾಗ ಮಂಟಪದಲ್ಲೇ ಮಡಿಕೆಯ ಉದ್ದಕ್ಕೂ ಬಿರಿಯಿತು. ಈಗ ಅತ್ತೆಗೆ ಮೌಸ್ ಹಿಡಿಯುವುದನ್ನು ಕಲಿಸಿದ ಆ ಮೊಮ್ಮಗಳಿಗೆ ಮದುವೆ ಗೊತ್ತಾಗಿತ್ತು. ಮೇ ತಿಂಗಳಲ್ಲಿ, ಹೊಸಕೋಟೆಯಲ್ಲಿ. ಹುಡುಗಿ ಫೋನಿನಲ್ಲಿ "ಅಜ್ಜೀ, ನಂಗೆ ಆ ಸೀರೆ ಇಲ್ವಲ್ಲ" ಎಂದು ಒಂದು ಮಾತು ಅಂದಳಂತೆ. ಅತ್ತೆ ಮಾರನೆಯ ದಿನ ಪೆಟ್ಟಿಗೆಯಿಂದ ಹಳೆಯ ಸೀರೆ ತೆಗೆದು, ಭೂತಗನ್ನಡಿ ಹಿಡಿದು, ಒಂದೊಂದೇ ಎಳೆ ಎಣಿಸಲು ಕೂತರು. ಎಣಿಸಿದ್ದನ್ನು ಕಂಪ್ಯೂಟರಿನಲ್ಲಿ ಚೌಕಕ್ಕೆ ಚೌಕ ತುಂಬುವುದು, ಪಕ್ಕದ ಮನೆಯ ಮಗ್ಗದ ಯಜಮಾನರು ಅದನ್ನು ನೇಯ್ದುಕೊಡುವುದು ಎಂದು ಮಾತಾಗಿತ್ತು. ಯಾರಿಗೂ ಹೇಳಬಾರದು ಎಂದು ಯಜಮಾನರಿಂದ ಆಣೆ ಹಾಕಿಸಿಕೊಂಡರಂತೆ. ಇದೆಲ್ಲ ನನಗೂ ತಿಳಿದದ್ದು ಬಹಳ ತಡವಾಗಿ.

ಅಂಚಿನ ಕೆಲಸ ಬೇಗ ಮುಗಿದು ಕಂಪ್ಯೂಟರಿನಲ್ಲಿ ಉಳಿದೂ ಉಳಿಯಿತು. ಸೆರಗು ಮಾತ್ರ ಬೃಹದಾಕಾರದ್ದು. ಅಷ್ಟು ದೊಡ್ಡ ಚಿತ್ರವನ್ನು ಹೊರಲಾರದೆ ಆ ಮುದಿ ಯಂತ್ರ ಕಟ್ಟೆಯನ್ನೂ ಅಟ್ಟವನ್ನೂ ತುಂಬಿಸಿಕೊಂಡು, ಕೊನೆಗೆ ಹೊಸದಾಗಿ ಏನನ್ನೂ ಉಳಿಸಿಕೊಳ್ಳಲು ಜಾಗವೇ ಇಲ್ಲ ಎಂದು ಹಟ ಹಿಡಿಯಿತು. ಸೆರಗು ಪರದೆಯ ಮೇಲೆ ಇದೆ, ಆದರೆ ಡಿಸ್ಕಿನಲ್ಲಿ ಇಲ್ಲ. ಕರೆಂಟು ಹೋದರೆ ಗಿಳಿಗಳೂ ಹಾರಿಹೋಗುತ್ತವೆ!

ಅತ್ತೆ ನನಗೆ ಫೋನು ಮಾಡಿದರು. "ಸೇವ್ ಅಂದ್ರೆ ಕೇಳ್ತಿಲ್ಲ ಕಣೋ. ಒಂದು ಸಲ ಬಂದು ಹೋಗು."

"ಭಾನುವಾರ ಬರ್ತೀನಿ ಅತ್ತೆ."

ಆ ಭಾನುವಾರ ಬೈಕ್ ಸರ್ವೀಸಿಗೆ ಬಿಟ್ಟೆ. ಮುಂದಿನ ಭಾನುವಾರ ಕ್ರಿಕೆಟ್ ಪಂದ್ಯ. ಅದರ ಮುಂದಿನದರಲ್ಲಿ ಏನಿತ್ತೆಂದು ಈಗ ನೆನಪೇ ಆಗುತ್ತಿಲ್ಲ. ಅಂದರೆ ಏನೂ ಇರಲಿಲ್ಲ ಎಂದೇ ಅರ್ಥ. ನೆಲಮಂಗಲದ ನಮ್ಮ ಮನೆಯಿಂದ ದೊಡ್ಡಬಳ್ಳಾಪುರಕ್ಕೆ ಬೈಕಿನಲ್ಲಿ ಒಂದು ಗಂಟೆಯ ದಾರಿ!

ನಾನು ಬರುವವರೆಗೆ ಅತ್ತೆ ಕೈಕಟ್ಟಿ ಕೂರುವವರೇ? ಮನೆಯಲ್ಲಿ ಒಂದು ಯುಪಿಎಸ್ ಇತ್ತು, ಕರೆಂಟು ಹೋದಾಗ ಎರಡು ದೀಪ, ಒಂದು ಫ್ಯಾನು ನಡೆಸುವಂಥದ್ದು. ಅತ್ತೆ ಎಲೆಕ್ಟ್ರಿಷಿಯನ್ ಕರೆಸಿ ದೀಪವನ್ನೂ ಫ್ಯಾನನ್ನೂ ಅದರಿಂದ ಬಿಡಿಸಿ, ಇಡೀ ಬ್ಯಾಟರಿಯನ್ನು ಕಂಪ್ಯೂಟರ್ ಒಂದಕ್ಕೇ ಕೊಡಿಸಿಬಿಟ್ಟರು! ಅದನ್ನು ಆರಿಸುವ ಮಾತೇ ಇಲ್ಲ. ಪರದೆಗೆ ಒಂದು ಚೀಟಿ ಅಂಟಿಸಿದರು. 'ಯಾರೂ ಮುಟ್ಟಬೇಡಿ. ದೇವರಾಣೆ.' ಮಾರ್ಚ್ ತಿಂಗಳ ಸೆಕೆಯಲ್ಲಿ ಕರೆಂಟು ಹೋದರೆ ಬೀಸಣಿಗೆ ಹಿಡಿದು ಕೂರುವರು. ತಮಗೆ ಬೀಸಿಕೊಳ್ಳುತ್ತಿರಲಿಲ್ಲ, ಪೆಟ್ಟಿಗೆಗೆ ಬೀಸುತ್ತಿದ್ದರು! "ನಂಗೆ ಬೆವರು ಬಂದ್ರೆ ಸೆರಗಲ್ಲಿ ಒರೆಸ್ಕೋತೀನಿ. ಅದಕ್ಕೆ ಬೆವರು ಬಂದ್ರೆ ಒರೆಸೋರು ಯಾರು?"

ಇದನ್ನು ನೋಡಿದ ನನ್ನ ತಂಗಿ ಒಂದು ವಿಡಿಯೋ ತೆಗೆದು ಗುಂಪಿಗೆ ಹಾಕಿದಳು. ನಾನು ಕೆಳಗೆ ಬರೆದೆ: 'ಮುಂದಿನ ವಾರ ಎಳನೀರು ಕುಡಿಸ್ತಾರೆ ನೋಡ್ತಿರಿ.' ಹದಿನಾಲ್ಕು ಜನ ನಗುವ ಮುಖ ಹಾಕಿದರು. ಆ ಸಾಲು ಇನ್ನೂ ಗುಂಪಿನಲ್ಲಿದೆ. ಅಳಿಸಬೇಕೆಂದು ಎಷ್ಟೋ ಸಲ ಬೆರಳಿಟ್ಟಿದ್ದೇನೆ, ಆಗಿಲ್ಲ.

ಈ ನಡುವೆ ಅತ್ತೆ ಇನ್ನೊಂದು ಸಲ ಫೋನು ಮಾಡಿ ವಿಚಿತ್ರವಾದ ಪ್ರಶ್ನೆ ಕೇಳಿದರು. "ಲೇ, ಒಂದು ಗಿಳಿಗೆ ಕೊಕ್ಕೇ ಇಲ್ಲ ಕಣೋ. ಆವತ್ತು ನೇಯ್ದೋನು ಮರ್ತುಬಿಟ್ಟಿದಾನೆ. ಹಂಗೇ ಬಿಡ್ಲಾ, ಕೊಕ್ಕು ಕೊಡ್ಲಾ?" ಗೇಟಿನಲ್ಲಿ ಎರಡು ಲಾರಿ ನಿಂತಿದ್ದವು. "ಏನಾದ್ರೂ ಮಾಡಿ ಅತ್ತೆ" ಎಂದು ಇಟ್ಟುಬಿಟ್ಟೆ. ಯಾವ ಗಿಳಿ ಎಂದು ಒಂದು ಮಾತು ಕೇಳಿದ್ದರೆ?

ಕೊನೆಗೂ ಮಾರ್ಚ್ ಕೊನೆಯ ಒಂದು ಭಾನುವಾರ ಹೋದೆ. ಅದೂ ಅತ್ತೆಗೋಸ್ಕರವಲ್ಲ. ಬೂದಿಗೆರೆಯಲ್ಲಿ ಸ್ನೇಹಿತನ ಗೃಹಪ್ರವೇಶದ ಊಟವಿತ್ತು, ದಾರಿಯಲ್ಲಿ ಒಂದು ಗಳಿಗೆ ನುಗ್ಗಿದರಾಯಿತು ಎಂದು. ಹತ್ತೂವರೆಗೆ ಅವರ ಬಾಗಿಲಲ್ಲಿದ್ದೆ. ಭಾನುವಾರವಾದ್ದರಿಂದ ಮಗ್ಗಗಳ ಸದ್ದಿರಲಿಲ್ಲ. ಅತ್ತೆ ಮಾತ್ರ ಮಗ್ಗ ಇದ್ದಷ್ಟೇ ಜೋರಾಗಿ, "ಬಂದ್ಯಾ! ಈಗ ಬಂದ್ಯಾ! ಬಾ ಮಗಾ ಬಾ!" ಎಂದು ಎರಡೂ ಕೈ ಹಿಡಿದುಕೊಂಡರು. ಪರದೆಯ ಮೇಲಿನ ಚೀಟಿಯನ್ನು ತಾವೇ ಬಿಡಿಸಿ, ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೂರಿಸಿದರು.

"ಅತ್ತೆ, ನಂಗೆ ಹನ್ನೊಂದಕ್ಕೆ ಹೊರಡಬೇಕು."

"ಉಪ್ಪಿಟ್ಟು ಮಾಡ್ತೀನಿ ತಿನ್ಕೊಂಡು ಹೋಗುವಂತೆ. ನೋಡು, ಆ ತಳಗಡೆ ಕಿಟಕೀಲಿ..."

"ಹೂಂ ಅತ್ತೆ, ಗೊತ್ತು ಬಿಡಿ."

ಏನು ಗೊತ್ತಿತ್ತು ನನಗೆ? ನಾನು ಅವರಿಗೆ ಮುಗಿಸಲು ಬಿಡದ ಆ ವಾಕ್ಯದ ಉಳಿದ ಅರ್ಧ ಏನಿತ್ತು ಎಂಬುದು ಈಗ ಗೊತ್ತು. ಆಗ ಗೊತ್ತಿದ್ದದ್ದು ಗಡಿಯಾರದ ಮುಳ್ಳು ಮಾತ್ರ.

ಅತ್ತೆ ಒಳಗೆ ಹೋದರು. ನಾನು ಶರ್ಟಿನ ತೋಳು ಮಡಿಸಿದೆ. ಮೌಸ್ ಅಲ್ಲಾಡಿಸಿದರೆ ಬಾಣ ಅರ್ಧ ನಿಮಿಷ ಬಿಟ್ಟು ಅಲ್ಲಾಡುತ್ತಿತ್ತು. ಇಷ್ಟೊಂದು ಕಿಟಕಿ ತೆರೆದಿಟ್ಟರೆ ಇನ್ನೇನಾದೀತು ಎಂದುಕೊಂಡು ಒಂದೊಂದಾಗಿ ಮುಚ್ಚುತ್ತ ಬಂದೆ. ಒಂದೊಂದು ಕಿಟಕಿಯೂ ಹೋಗುವಾಗ ಕೇಳುತ್ತಿತ್ತು: ಉಳಿಸಲೇ? ಮೊದಲನೆಯದಕ್ಕೆ ಹೌದು ಎಂದೆ. ಜಾಗವಿಲ್ಲ ಎಂದಿತು. ಎರಡನೆಯದಕ್ಕೂ ಅದೇ. ಆಮೇಲೆ ನನ್ನ ಬೆರಳು ತಾನಾಗಿಯೇ ಬೇಡ, ಬೇಡ, ಬೇಡ ಎಂದು ಒತ್ತುತ್ತ ಹೋಯಿತು. ಕೊನೆಯದು ಬಹಳ ದೊಡ್ಡ ಚಿತ್ರ. ಪರದೆಯ ತುಂಬ ಕೆಂಪು ಚೌಕಗಳು ಮಾತ್ರ ಕಂಡವು. ಹೆಸರೂ ಇಟ್ಟಿರಲಿಲ್ಲ. ಅದಕ್ಕೂ ಬೇಡ ಎಂದೆ.

ಮುಂದಿನ ಕೆಲಸ ಸಲೀಸು. ಕಸದ ಫೈಲುಗಳನ್ನು ಗುಡಿಸಿದೆ. ಕಂಪ್ಯೂಟರ್ ಶುರುವಾದಾಗ ಹೇಳದೆ ಕೇಳದೆ ಎದ್ದು ಕೂರುವ ಏಳೆಂಟು ಪ್ರೋಗ್ರಾಮ್‌ಗಳನ್ನು ನಿಲ್ಲಿಸಿದೆ. ಸೆಟ್ಟಿಂಗ್ಸಿನ ಒಳಗೆ ಹೋಗಿ ವರ್ಚುವಲ್ ಮೆಮೊರಿಗೆ ಮೀಸಲಿಟ್ಟ ಜಾಗವನ್ನು ತುಂಬಿದ ಡಿಸ್ಕಿನ ಭಾಗದಿಂದ ತೆಗೆದು, ಇನ್ನೊಂದು ಖಾಲಿ ಭಾಗಕ್ಕೆ ವರ್ಗಾಯಿಸಿ, ಎರಡರಷ್ಟು ಮಾಡಿದೆ. ಹೌದು, ಪಕ್ಕದಲ್ಲೇ ಒಂದು ಖಾಲಿ ಭಾಗವಿತ್ತು! ಆ ಸೆರಗನ್ನು ಅಲ್ಲಿ ಉಳಿಸಬಹುದಿತ್ತು. ಅದೂ ಬೇಡ, ನನ್ನ ಬೈಕಿನ ಕೀಲಿಗೊಂಚಲಿನಲ್ಲಿ ಒಂದು ಪೆನ್‌ಡ್ರೈವ್ ತೂಗಾಡುತ್ತಿತ್ತು. ಕಾರ್ಖಾನೆಯ ಕಾಗದಪತ್ರಕ್ಕೆಂದು ಇಟ್ಟುಕೊಂಡದ್ದು. ಚುಚ್ಚಿ, ಒಂದು ಸಲ ಒತ್ತಿದ್ದರೆ ಸಾಕಿತ್ತು.

ಯಂತ್ರ ಆರಿ ಹೊತ್ತಿತು. ಬಾಣ ಮಿಂಚಿನಂತೆ ಓಡಾಡಿತು. ನಾನು ಎದೆಯುಬ್ಬಿಸಿ ಕೂಗಿದೆ. "ಅತ್ತೆ! ನೋಡಿ ಬನ್ನಿ, ಇನ್ನು ವರ್ಷವೆಲ್ಲಾ ಜಾಸ್ತಿ!"

ಅತ್ತೆ ತಟ್ಟೆ ಹಿಡಿದು ಬಂದರು. ಪರದೆಯನ್ನು ನೋಡಿದರು. ಅದರ ಮೇಲೆ ಈಗ ಒಂದು ಕಿಟಕಿಯೂ ಇರಲಿಲ್ಲ.

"ಚೆನ್ನಾಗಾಯ್ತು ಬಿಡು" ಎಂದರು. "ತಿನ್ನು, ಆರ್ಹೋಗುತ್ತೆ."

ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮಗ್ಗ ನಿಂತಿದೆಯಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ಎಂಥ ಬುದ್ಧಿವಂತ ನೋಡಿ! ಉಪ್ಪಿಟ್ಟು ತಿಂದು, ಬೂದಿಗೆರೆಗೆ ಹೋಗಿ, ಹೋಳಿಗೆ ಊಟ ಮಾಡಿ, ಅತ್ತೆಯ ಕಂಪ್ಯೂಟರನ್ನು ಅರ್ಧ ಗಂಟೆಯಲ್ಲಿ ರಿಪೇರಿ ಮಾಡಿದ ಕಥೆಯನ್ನು ಅಲ್ಲಿಯೂ ಹೇಳಿ ನಗಿಸಿದೆ.

ಮೇ ತಿಂಗಳಲ್ಲಿ ಮದುವೆ. ಹೊಸಕೋಟೆಯ ಛತ್ರದಲ್ಲಿ ಹುಡುಗಿ ಅಂಗಡಿಯಿಂದ ತಂದ ಧಾರೆ ಸೀರೆ ಉಟ್ಟಿದ್ದಳು. ಚೆನ್ನಾಗಿಯೇ ಕಾಣುತ್ತಿದ್ದಳು. ಅತ್ತೆ ಮುಂದಿನ ಸಾಲಿನಲ್ಲಿ ಕೂತು ಅಕ್ಷತೆ ಹಾಕಿದರು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕೂತವರು ಅತ್ತೆಯ ಪಕ್ಕದ ಮನೆಯ ಆ ಮಗ್ಗದ ಯಜಮಾನರು. ಪಾಯಸ ಬಂದಿತ್ತು. ಅವರು ಎಲೆಯನ್ನು ನೋಡುತ್ತ ಹೇಳಿದರು.

"ಪಾಪ ನಿಮ್ಮತ್ತೆ. ಇವತ್ತು ಆ ಹುಡ್ಗಿ ಮೈಮೇಲೆ ಬೇರೆ ಸೀರೆ ಇರ್ಬೇಕಿತ್ತು ಕಣಪ್ಪಾ."

"ಯಾವ ಸೀರೆ?"

ಅವರು ಎಲ್ಲವನ್ನೂ ಹೇಳಿದರು. ಭೂತಗನ್ನಡಿ, ಆಣೆ, ನಲವತ್ತು ದಿನ ಆರದ ಕಂಪ್ಯೂಟರು, ಕೊಕ್ಕಿಲ್ಲದ ಗಿಳಿ. "ಮಾರ್ಚಿ ಕೊನೇಲಿ ಬಂದು, ಕಂಪ್ಯೂಟರ್ ಕೆಟ್ಹೋಯ್ತು, ಸೆರಗು ಹೋಯ್ತು ಅಂದ್ರು. ಮತ್ತೆ ಬರೀರಿ, ಮಗ್ಗ ಖಾಲಿ ಇಡ್ತೀನಿ ಅಂದೆ. ಎಲ್ಲಿ, ಹಳೇ ಸೀರೆ ಎಣಿಸ್ತಾ ಎಣಿಸ್ತಾನೇ ಪುಡಿಯಾಗೈತಲ್ಲ. ಟೈಮೂ ಸಾಕಾಗಲ್ಲ ಅಂದ್ರು. ನಾನೂ ಹೋದ ವಾರ ಆ ಮಗ್ಗಾನ ಕೊಟ್ಬಿಟ್ಟೆ. ನಡೆಸೋಕೆ ಆಳಿಲ್ಲ."

'ಕಂಪ್ಯೂಟರ್ ಕೆಟ್ಹೋಯ್ತು' ಎಂದಿದ್ದರಂತೆ ಅತ್ತೆ. ನನ್ನ ಹೆಸರು ಎತ್ತಿರಲಿಲ್ಲ. ಎಲೆಯ ಮೇಲಿನ ಪಾಯಸವನ್ನು ನಾನು ಹಾಗೆಯೇ ಬಿಟ್ಟು ಎದ್ದೆ. ಕೈ ತೊಳೆಯುವ ಕಡೆ ಅತ್ತೆ ಸಿಕ್ಕಿ, "ಸರಿಯಾಗಿ ತಿಂದ್ಯಾ?" ಎಂದು ಕೇಳಿದರು. ಹೂಂ ಎಂದೆ. ಅಲ್ಲಿಯೇ ಹೇಳಿಬಿಡಬೇಕಿತ್ತು.

ಮರುವಾರದ ಭಾನುವಾರ ಬೆಳಗ್ಗೆ ಎಂಟಕ್ಕೇ ಅವರ ಮನೆಯಲ್ಲಿದ್ದೆ. "ಏನಪ್ಪಾ, ದಾರಿ ತಪ್ಪಿ ಬಂದ್ಯಾ?" ಎಂದರು. ಸೆರಗನ್ನು ಮತ್ತೆ ಬರೆಯೋಣ, ನಾನು ಎಣಿಸಿ ಹೇಳ್ತೀನಿ ನೀವು ತುಂಬಿ ಎಂದೆ. ಅತ್ತೆ ನನ್ನ ಮುಖ ನೋಡಿದರು. ಎದ್ದು ಹೋಗಿ ಒಳಗಿನಿಂದ ಒಂದು ಗಂಟು ತಂದರು. ಬಿಚ್ಚಿದರೆ ಒಂದು ಹಳೆಯ ಪಂಚೆ, ಅದರ ಮೇಲೆ ಸೆರಗಿನ ಚೂರುಗಳನ್ನು ಒಂದೊಂದಾಗಿ ಜೋಡಿಸಿ ಸಣ್ಣ ಹೊಲಿಗೆ ಹಾಕಿದ್ದರು. ಅಲ್ಲಲ್ಲಿ ಅಂಗೈಯಗಲದ ತೂತುಗಳು.

ಅಂದಿನಿಂದ ಭಾನುವಾರ ಬಿಟ್ಟಿಲ್ಲ. ನಾನು ಭೂತಗನ್ನಡಿ ಹಿಡಿದು "ಕೆಂಪು ಮೂರು, ಖಾಲಿ ಎರಡು, ಕೆಂಪು ಒಂದು" ಎನ್ನುತ್ತೇನೆ. ಅತ್ತೆ ಮೌಸ್ ಒತ್ತುತ್ತಾರೆ. ಒಂದು ಸಾಲು ಮುಗಿದರೆ ಒಮ್ಮೆ ಡಿಸ್ಕಿನಲ್ಲಿ, ಒಮ್ಮೆ ಪೆನ್‌ಡ್ರೈವಿನಲ್ಲಿ ಉಳಿಸುತ್ತೇನೆ. ಯಂತ್ರ ಈಗ ತಕರಾರಿಲ್ಲದೆ ಓಡುತ್ತದೆ, ಬೈಯಲು ಸಂದರ್ಭವೇ ಸಿಗುವುದಿಲ್ಲ ಎಂದು ಅತ್ತೆಗೆ ಬೇಸರ. ಆ ಬೈಗುಳವನ್ನೆಲ್ಲ ನನಗೆ ಕೊಡುತ್ತಾರೆ! ತೂತು ಬಂದ ಕಡೆ ನಾನು ನಿಲ್ಲಿಸುತ್ತೇನೆ. ಅತ್ತೆ ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ, ಕೆಲವೊಮ್ಮೆ ಹತ್ತು ನಿಮಿಷ ಕೂತು, ಆಮೇಲೆ ತುಂಬುತ್ತಾರೆ. ಕೆಲವು ತೂತು ತುಂಬಲಾಗದೆ ಹಾಗೆಯೇ ಉಳಿದಿವೆ. ಒಟ್ಟು ಸೆರಗಿನಲ್ಲಿ ಅರ್ಧ ಮುಗಿದಿರಬಹುದು. ನೇಯುವವರು ಯಾರು ಎಂದು ನಾವಿಬ್ಬರೂ ಮಾತಾಡುವುದಿಲ್ಲ.

ಹೀಗೆ ಒಂದು ದಿನ ಸಾಲಿನ ನಡುವೆ ನನಗೆ ತಡೆಯಲಾಗಲಿಲ್ಲ.

"ಅತ್ತೆ, ಅವತ್ತು ಕಂಪ್ಯೂಟರ್ ಕೆಟ್ಟಿರಲಿಲ್ಲ. ನಾನೇ ಅಳಿಸಿದ್ದು. ಉಳಿಸಲಾ ಅಂತ ಕೇಳ್ತು, ನಾನೇ ಬೇಡ ಅಂತ ಒತ್ತಿದ್ದು."

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು ಕಣೋ. ತಟ್ಟೆ ಹಿಡ್ಕೊಂಡು ನಿನ್ನ ಹಿಂದೇನೇ ನಿಂತಿದ್ದೆ. ಬೇಡ ಅನ್ನೋಷ್ಟರಲ್ಲಿ ನೀನು ಒತ್ತೇಬಿಟ್ಟೆ. ಒಳಕ್ಕೆ ಹೋಗಿ ಒಂದು ಲ್ವಾಟ ನೀರು ಕುಡ್ದು ಬಂದೆ."

"ಮತ್ತೆ ಯಾಕೆ ಅತ್ತೆ ಬೈಲಿಲ್ಲ? ಎರಡು ಏಟು ಹಾಕ್ಬೇಕಿತ್ತು!"

"ಎಷ್ಟು ದಿವಸದ ಮೇಲೆ ಬಂದಿದ್ದೆ ನೀನು. ಬೈದ್ರೆ ಇನ್ನು ಬರ್ತೀಯೋ ಇಲ್ವೋ ಅಂದ್ಕೊಂಡೆ." ಸೆರಗಿನ ತುದಿಯಿಂದ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ಅದೆಲ್ಲ ಬಿಡು ಈಗ. ಮುಂದಿನ ಸಾಲು ಓದು."

ಭೂತಗನ್ನಡಿಯಲ್ಲಿ ಎಳೆಗಳೆಲ್ಲ ಕಲಸಿಹೋಗಿದ್ದವು. "ಕೆಂಪು ಎರಡು... ಖಾಲಿ ಆರು" ಎಂದೆ.

ಅತ್ತೆ ಕೈ ಚಾಚಿ ನನ್ನ ಬೆನ್ನ ಮೇಲಿಟ್ಟರು.

"ಏಳಿರ್ಬೇಕು ಮಗಾ. ಕಣ್ಣೊರೆಸ್ಕೊಂಡು ನೋಡು."

ಕಣ್ಣೊರೆಸಿಕೊಂಡು ನೋಡಿದೆ. ಏಳೇ ಇತ್ತು.